ಒಂಬತ್ತನೆಯ ಕೊಬ್ಬರಿ

ನಾನು ಯಾರನ್ನಾದರೂ ಬೈಯುವುದಕ್ಕೆ ಮೊದಲು ಯೋಚಿಸುವವಳಲ್ಲ. ಯೋಚಿಸುತ್ತ ಕೂತರೆ ಬೈಗುಳ ಆರಿಹೋಗುತ್ತದೆ. ಬಿಸಿಯಾಗಿದ್ದಾಗ ಬಡಿಸಿದರೇ ಅದಕ್ಕೆ ರುಚಿ. ಈ ಅಭ್ಯಾಸದಿಂದ ಎಪ್ಪತ್ತೆರಡು ವರ್ಷ ನನಗೇನೂ ನಷ್ಟವಾಗಿರಲಿಲ್ಲ. ಆದರೆ ಹೋದ ವರ್ಷ ನಾನು ಕಣ್ಣಿಂದ ಕಂಡಿಲ್ಲದ ಮೂರು ಕಂಪನಿಗಳನ್ನು ಎರಡು ತಿಂಗಳು ಬಿಡದೆ ಬೈದೆ. ಅವರ ಮನೆ ಹಾಳಾಗಲಿ ಅಂದೆ, ಅವರ ತಕ್ಕಡಿಗೆ ಹುಳ ಬೀಳಲಿ ಅಂದೆ. ಆಮೇಲೆ ನೋಡಿದರೆ ತಪ್ಪು ಅವರದಲ್ಲ, ನನ್ನದು. ಹೋಗಿ ತಪ್ಪಾಯಿತು ಅನ್ನೋಣವೆಂದರೆ ಅವರಿಗೆ ಮನೆಯೂ ಇಲ್ಲ, ಜಗಲಿಯೂ ಇಲ್ಲ, ಎಲ್ಲವೂ ಫೋನಿನೊಳಗೇ. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದ ಕಡೆ ಸೊಸೆ ತಿದ್ದಿದ್ದಾಳೆ. ಮಾತು ತಪ್ಪಿದ್ದ ಕಡೆ ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮ ಮನೆ ಇರುವುದು ಮಾಯಸಂದ್ರದ ಹತ್ತಿರ. ಮನೆಯಲ್ಲಿ ನಾನು, ಹಾಲಿನ ಗಾಡಿ ಓಡಿಸುವ ಮಗ ಗಂಗಾಧರ, ಸೊಸೆ ಮಂಜುಳ. ತೋಟವೆಂದರೆ ಅರವತ್ತು ತೆಂಗಿನ ಮರ. ನಮ್ಮ ಕಡೆ ಕಾಯಿ ಕಿತ್ತ ಕೂಡಲೇ ಮಾರುವುದಿಲ್ಲ, ಅಟ್ಟಕ್ಕೆ ಹಾಕುತ್ತೇವೆ. ಅದು ಅಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಸಿಪ್ಪೆ ಸುಲಿದು ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಹೀಗೆ ವರ್ಷಗಟ್ಟಲೆ ಕಾದು ತಯಾರಾದದ್ದನ್ನು ಮಂಡಿಗೆ ಒಯ್ದರೆ ಅಲ್ಲಿ ಐದು ನಿಮಿಷದಲ್ಲಿ ಅದರ ಹಣೆಬರಹ ತೀರ್ಮಾನವಾಗುತ್ತದೆ. ಹೆಣ್ಣು ನೋಡುವ ಶಾಸ್ತ್ರಕ್ಕಾದರೂ ಉಪ್ಪಿಟ್ಟು ತಿನ್ನುವಷ್ಟು ಹೊತ್ತು ಇರುತ್ತದೆ, ಇದಕ್ಕೆ ಅದೂ ಇಲ್ಲ.

ಮಂಜುಳ ಆರು ವರ್ಷ ಗಾರ್ಮೆಂಟ್ಸಿಗೆ ಹೋದವಳು. ಬೆಳಿಗ್ಗೆ ಬಸ್ಸು ಬರುವಷ್ಟರಲ್ಲಿ ರೊಟ್ಟಿ ತಟ್ಟಿ, ಡಬ್ಬಿ ಕಟ್ಟಿಕೊಂಡು ಓಡಬೇಕು. ಬಸ್ಸಿನಲ್ಲಿ ನಿಂತು ಹೋಗಬೇಕು, ಅಲ್ಲಿಯೂ ನಿಂತು ಕೆಲಸ, ಬರುವಾಗಲೂ ನಿಂತೇ. ಅವಳ ಮೀನಖಂಡದ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಒಂದು ದಿನ ಅವಳು ಗಂಡನಿಗೆ ನೇರವಾಗಿ ಹೇಳಿದಳು: "ಈ ಸಲದ ಅಟ್ಟ ನಂಗ್ ಬುಟ್ಬುಡಿ. ಗಾರ್ಮೆಂಟ್ಸ್ ಬುಟ್ಟು ನಾನು ಫೋನಲ್ಲಿ ಮಾರ್ತೀನಿ. ಪ್ಯಾಟೆ ಜನ ಕಿಲೋಗಟ್ಲೆ ತರುಸ್ಕತಾವ್ರೆ."

ಮಗ ಒಳ್ಳೆಯವನೇ. ಆದರೆ ಅವಳ ಸಂಬಳ ನಿಂತರೆ ಮನೆ ನಡೆಯುವುದು ಹೇಗೆ ಅನ್ನುವುದು ಅವನಿಗೂ ಗೊತ್ತು. "ಯುಗಾದಿವರ್ಗೂ ನೋಡು," ಅಂದ. "ಮಂಡಿಗಿಂತ ಒಂದ್ರೂಪಾಯಿ ಜಾಸ್ತಿ ಬರ್ಲಿ, ಅಟ್ಟ ನಿಂದೇ. ಬರ್ಲಿಲ್ವಾ, ಉಳುದಿದ್ದು ಮಂಡಿಗೆ, ನೀನು ಬಸ್ಸಿಗೆ. ಆಮ್ಯಾಕೆ ಅಳ್ಬಾರ್ದು."

"ಅಳಾದು ನಮ್ ಮನೇಲಿ ಯಾರಿಗ್ ಬತ್ತದೆ?" ಅಂದಳು. ಅದು ನಿಜ. ನಾನು ಅವಳನ್ನು ಸೊಸೆಯಾಗಿ ಆರಿಸಿದ್ದೇ ಅದಕ್ಕೆ.

ಫೋನಿನಲ್ಲಿ ಅಂಗಡಿ ಇಡುವುದನ್ನು ಕಲಿಸಿದವಳು ತುರುವೇಕೆರೆಯ ನೂರ್‌ಜಾನ್. ಗಾರ್ಮೆಂಟ್ಸಿನಲ್ಲಿ ಮಂಜುಳನ ಜೊತೆಗೇ ಕೆಲಸ ಮಾಡಿದವಳು. ಆ ಕೆಲಸ ಬಿಟ್ಟು ಈಗ ಮನೆಯಲ್ಲಿ ಲಂಗ, ನೈಟಿ ಹೊಲಿದು ಫೋನಿನಲ್ಲೇ ಮಾರುತ್ತಾಳೆ. ಒಂದು ಭಾನುವಾರ ಬಂದು ನಮ್ಮ ಜಗಲಿಯ ಮೇಲೆ ಕೂತು, ಉದ್ದನೆಯ ನೋಟುಪುಸ್ತಕದಲ್ಲಿ ಮೇಲಿಂದ ಕೆಳಕ್ಕೆ ಮೂರು ಸಾಲು ಗೀಚಿ, ಮೂರು ಕಂಪನಿಗಳಲ್ಲಿ ಯಾವುದು ಎಷ್ಟು ಶುಲ್ಕ ಹಿಡಿಯುತ್ತದೆ ಎಂದು ವಿವರಿಸಿದಳು. ಹೆಸರುಗಳೆಲ್ಲ ಇಂಗ್ಲಿಷು. ನನ್ನ ನಾಲಿಗೆಗೆ ಒಗ್ಗಲಿಲ್ಲ. ಆದರೆ ಕೇಳುತ್ತ ಕೇಳುತ್ತ ವಿಷಯ ಹೊಸದೆನಿಸಲಿಲ್ಲ. ಇವನ್ನೆಲ್ಲ ನಾನು ನನ್ನ ನಾದಿನಿಯರ ಮದುವೆಯಲ್ಲೇ ನೋಡಿದ್ದೆ. ಇವರು ಕಂಪನಿಗಳಲ್ಲ, ಮೂರು ಜನ ಅಳಿಯಂದಿರು.

ದೊಡ್ಡ ಅಳಿಯ ಮಾತುಕತೆಯ ದಿನವೇ ಬಾಯಿಬಿಟ್ಟು ಕೇಳುವವನು. ಮಾರಿದ್ದರಲ್ಲಿ ನೂರಕ್ಕಿಷ್ಟು ನನಗೆ, ಒಂದೊಂದು ಪಾರ್ಸೆಲ್ಲಿಗೂ ಇಷ್ಟು, ಒಯ್ಯುವ ಕೂಲಿ ಇಷ್ಟು, ಇದರ ಮೇಲೆ ತೆರಿಗೆ ಬೇರೆ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಕೇಳಬೇಕಾದದ್ದನ್ನೆಲ್ಲ ಅವತ್ತೇ ಕೇಳಿ ಮುಗಿಸಿರುತ್ತಾನೆ. ನಡುವಿನ ಅಳಿಯ, "ಅಯ್ಯೋ, ವರದಕ್ಷಿಣೆನಾ? ನಮಗೆ ಹೆಣ್ಣು ಕೊಟ್ಟರೆ ಸಾಕು" ಅನ್ನುವವನು. ಕಮಿಷನ್ನು ಸೊನ್ನೆ. ಆದರೆ ಛತ್ರ ತುಮಕೂರಿನಲ್ಲೇ ಆಗಬೇಕು, ದಿಬ್ಬಣಕ್ಕೆ ಎರಡು ಬಸ್ಸು ಬೇಕು, ಅಂದರೆ ಸಾಗಾಣಿಕೆಯ ಖರ್ಚು ದುಬಾರಿ. ನಮ್ಮ ಕೊಬ್ಬರಿ ಗಿರಾಕಿಯ ಕಣ್ಣಿಗೆ ಮುಂದೆ ಕಾಣಬೇಕಾದರೆ ಅದಕ್ಕೆ ಜಾಹೀರಾತಿನ ದುಡ್ಡು ಬೇರೆ. ಕಿರಿಯ ಅಳಿಯ ಎಲ್ಲದಕ್ಕೂ ಕಡಿಮೆ. ಆದರೆ ಆರು ತಿಂಗಳಿಗೆ ಒಂದು ಸಲ ಸಾರಿಗೆ ಉಪ್ಪು ಕಮ್ಮಿ ಅಂತ ಹೆಣ್ಣನ್ನು ತವರಿಗೆ ವಾಪಸು ಕಳಿಸುವವನು. ಅಂದರೆ ಪಾರ್ಸೆಲ್ಲು ವಾಪಸು ಬಂದರೆ ಹೋಗುವ ಬಸ್ ಚಾರ್ಜೂ ನಮ್ಮದೇ, ಬರುವ ಬಸ್ ಚಾರ್ಜೂ ನಮ್ಮದೇ.

ಇದನ್ನು ಹೇಳಿದಾಗ ನೂರ್‌ಜಾನ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ಅಮ್ಮಾ, ನಾನು ಎರಡ್ ವರ್ಷ ಇದ್ನ ತಿಳ್ಕೊಳ್ಳಾಕೆ ಪರದಾಡಿದೀನಿ. ನೀವು ಒಂದ್ ಟೀ ಕುಡಿಯೋದ್ರೊಳಗೆ ಹೇಳ್ಬಿಟ್ರಿ."

"ಹಂಗಾರೆ ಯಾವ ಅಳಿಯನ್ನ ಮಾಡ್ಕಳಾದು ಅತ್ತೆ?" ಅಂದಳು ಮಂಜುಳ.

"ಮೂರೂ ಜನನ್ನೂ ಮನೆತುಂಬುಸ್ಕ. ಯಾರು ಎಷ್ಟ್ ತಿಂತಾರೆ ನೋಡು. ಆಮ್ಯಾಕೆ ಇಬ್ಬರನ್ನ ಓಡ್ಸು," ಅಂದೆ. ಹೆಣ್ಣಿನ ವಿಷಯದಲ್ಲಿ ಇದು ಸಾಧ್ಯವಿಲ್ಲ. ಕೊಬ್ಬರಿಗೆ ಸಾಧ್ಯ.

ಶುಲ್ಕ ಕೊಡುವುದು ನನಗೆ ಹೊಸದಲ್ಲ. ನಮ್ಮ ಯಜಮಾನರು ಇದ್ದಾಗ ಮಂಡಿಗೆ ನಾನೂ ಹೋದವಳು. ಮೂಟೆ ಇಳಿಸುವವನಿಗೆ ಇಷ್ಟು, ತೂಗುವವನಿಗೆ ಇಷ್ಟು, ಸಾಹುಕಾರನ ಕಮಿಷನ್ನು ಇಷ್ಟು, ಗುಡಿಸುವವಳು ಮೊರ ತಂದು ಒಡ್ಡಿದರೆ ಅದಕ್ಕೊಂದಿಷ್ಟು. ಆ ಸಾಹುಕಾರ ರುಚಿ ನೋಡುತ್ತೇನೆ ಎಂದು ಕೊಬ್ಬರಿ ಒಡೆದು ಒಂದು ಚೂರು ಬಾಯಿಗೆ ಹಾಕಿಕೊಂಡು, ಮಿಕ್ಕಿದ್ದನ್ನು ಹಿಂದೆ ಇದ್ದ ಚೀಲಕ್ಕೆ ಎಸೆಯುತ್ತಿದ್ದ. ನಾಲ್ಕನೆಯದಕ್ಕೆ ಕೈ ಹಾಕಿದಾಗ, "ಎಷ್ಟ್ ಸಲ ರುಚಿ ನೋಡ್ತೀರಾ ಸ್ವಾಮಿ, ಮಧ್ಯಾಹ್ನದ ಊಟ ಇದ್ರಲ್ಲೇನಾ?" ಅಂದೆ. ಅಂಗಡಿಯವರೆಲ್ಲ ನಕ್ಕರು, ಅವನೂ ನಕ್ಕು ಕೈ ಹಿಂದೆ ತೆಗೆದ. ನಮ್ಮ ಯಜಮಾನರಿಗೆ ಮಾತ್ರ ನಾಚಿಕೆಯಾಗಿ ಊರು ಮುಟ್ಟುವ ತನಕ ಮಾತಾಡಲಿಲ್ಲ. ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅದಿರಲಿ, ನಾನು ಹೇಳಬೇಕಾದದ್ದು ಇಷ್ಟೇ. ಕೈ ಕಾಣಿಸಿದರೆ ಹಿಡಿಯಬಹುದು. ಫೋನಿನಲ್ಲಿ ಕೈಯೇ ಕಾಣಿಸುವುದಿಲ್ಲ, ಹೋದದ್ದು ಮಾತ್ರ ಕಾಣಿಸುತ್ತದೆ.

ಅಂತೂ ವ್ಯಾಪಾರ ಶುರುವಾಯಿತು. ನೂರ್‌ಜಾನಳ ಸಲಹೆಯಂತೆ ಒಂದು ಪೆಟ್ಟಿಗೆಗೆ ಎಂಟು ಉಂಡೆ ಕೊಬ್ಬರಿ. ಮಂಜುಳ ಅಷ್ಟನ್ನೂ ಕರೆಂಟಿನ ತಕ್ಕಡಿಯ ಮೇಲೆ ಇಟ್ಟು, ದೊಡ್ಡದು ತೆಗೆದು ಚಿಕ್ಕದು ಹಾಕಿ, ಚಿಕ್ಕದು ತೆಗೆದು ಮಧ್ಯಮದ್ದು ಹಾಕಿ, ಚಿನ್ನದಂಗಡಿಯವರ ಹಾಗೆ ಹೊಂದಿಸುವಳು. ರಟ್ಟಿನ ಪೆಟ್ಟಿಗೆಯೂ ಸೇರಿ ಒಂದು ಕಿಲೋಗೆ ಸ್ವಲ್ಪ ಕಡಿಮೆಯೇ ಇರಬೇಕಂತೆ. ಅಷ್ಟಾದ ಮೇಲೆ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ, ಅವಳು ಒಳಗೆ ಹೋಗಿ ವಿಳಾಸದ ಚೀಟಿ ತೆಗೆಯುವಳು. ನಾನು ಮುಚ್ಚಿ, ಟೇಪು ಸುತ್ತಿ ಇಡಬೇಕು. ಮಗನ ಹಾಲಿನ ಗಾಡಿಯಲ್ಲಿ ಅವು ತುರುವೇಕೆರೆಗೆ ಹೋಗಿ ಕೊರಿಯರಿನವರನ್ನು ಸೇರುತ್ತಿದ್ದವು.

ಈಗ ನನ್ನ ವಿಷಯ. ನಮ್ಮತ್ತೆ ಅಂಗಳಕ್ಕೆ ಬಂದವರಿಗೆ ರಾಗಿಯೋ ಹುರುಳಿಯೋ ಸೇರು ಅಳೆದು ಕೊಟ್ಟ ಮೇಲೆ ಇನ್ನೊಂದು ಹಿಡಿ ಹಾಕದೆ ಎದ್ದವಳಲ್ಲ. ಅದೇ ಕೊಸರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಬ್ಬಳಿಗೆ ಕೊಸರು ಹಾಕದೆ ಕಳಿಸಿದ್ದಕ್ಕೆ, ಅವಳನ್ನು ಅರ್ಧ ದಾರಿಯಿಂದ ಕೂಗಿ ಕರೆಸಿ, ನನ್ನ ಕೈಯಿಂದಲೇ ಹಾಕಿಸಿದ್ದಳು. ಅವತ್ತಿನಿಂದ ನನ್ನ ಕೈಗೆ ಅದು ಅಂಟಿತು. ಅಳತೆಯಾದ ಮೇಲೆ ಒಂದಿಷ್ಟು ಹಾಕದಿದ್ದರೆ ಕೈ ತೊಳೆಯದೆ ಊಟಕ್ಕೆ ಕೂತ ಹಾಗೆ ಆಗುತ್ತದೆ. ಮಂಜುಳ ಎಂಟು ಅಂದಳು, ಎಂಟು ಇತ್ತು. ಅವಳು ಒಳಗೆ ಹೋದಳು. ನಾನು ಪಕ್ಕದ ರಾಶಿಯಿಂದ ಒಂದು ಪುಟ್ಟ ಕೊಬ್ಬರಿ ತೆಗೆದು ಮೇಲಿಟ್ಟು, ಒತ್ತಿ ಮುಚ್ಚಿ, ಟೇಪು ಸುತ್ತಿದೆ. ಕೇಳುವುದೇನು ಬಂತು? ಕೊಸರು ಅಳತೆಯ ಲೆಕ್ಕಕ್ಕೆ ಬರುವುದಲ್ಲ. ಉಸಿರಾಡುವುದಕ್ಕೆ ಯಾರಾದರೂ ಸೊಸೆಯನ್ನು ಕೇಳುತ್ತಾರೆಯೇ? ಎಲ್ಲ ಪೆಟ್ಟಿಗೆಗೂ ಹಾಗೇ ಮಾಡಿದೆ. ಮೂರೂ ಅಳಿಯಂದಿರಿಗೂ.

ಒಂದು ತಿಂಗಳಾಯಿತು. ಬರಬೇಕಾದ ದುಡ್ಡು ಬರಲಿಲ್ಲ, ಅಂದರೆ ಮಂಜುಳ ಪುಸ್ತಕದಲ್ಲಿ ಬರೆದಿದ್ದಷ್ಟು ಬರಲಿಲ್ಲ. ದೊಡ್ಡವನದೂ ಕಡಿಮೆ, ನಡುವಿನವನದೂ ಕಡಿಮೆ, ಕಿರಿಯನದು ಇನ್ನೂ ಕಡಿಮೆ. ಪ್ರತಿ ಪಾರ್ಸೆಲ್ಲಿಗೂ "ತೂಕ ಹೆಚ್ಚು" ಎಂದು ಹಿಡಿದುಕೊಂಡಿದ್ದರು. ಮಂಜುಳ ತಕ್ಕಡಿಯ ಮೇಲೆ ಕೊಬ್ಬರಿ, ಪೆಟ್ಟಿಗೆ ಎರಡನ್ನೂ ಇಟ್ಟು ಫೋಟೋ ತೆಗೆದು, ನೂರ್‌ಜಾನ್ ಕೈಯಲ್ಲಿ ಇಂಗ್ಲಿಷಿನಲ್ಲಿ ದೂರು ಬರೆಸಿದಳು. ನಿಮ್ಮ ತೂಕ ಸರಿಯಿಲ್ಲ, ನಮ್ಮ ತೂಕವೇ ಸರಿ ಎಂದು ಮೂವರೂ ಒಂದೇ ಬಾಯಿಯಿಂದ ಹೇಳಿದ ಹಾಗೆ ಉತ್ತರ ಬಂತು. ನನಗೆ ಮೈಯೆಲ್ಲ ಉರಿಯಿತು. ಮೂರು ತಕ್ಕಡಿ ಒಂದೇ ಸಲ ಸುಳ್ಳು ಹೇಳುವುದೆಂದರೆ ಇವರು ಒಳಗೊಳಗೇ ಕೂಡಿಕೊಂಡಿದ್ದಾರೆ ಅಂದೆ. ಟೇಪು ಸುತ್ತುತ್ತ ಬೈಯುವೆ, ಬೈಯುತ್ತ ಒಂಬತ್ತನೆಯದನ್ನು ಹಾಕುವೆ. ಈ ಕಳ್ಳರ ನಡುವೆ ಪಾಪ ಗಿರಾಕಿಗಾದರೂ ನ್ಯಾಯ ಸಿಗಲಿ ಎಂದು ಕೆಲವು ಪೆಟ್ಟಿಗೆಗೆ ಸ್ವಲ್ಪ ದಪ್ಪನೆಯದನ್ನೇ ಹಾಕಿದ್ದೂ ಉಂಟು.

ಇನ್ನೆರಡು ತಿಂಗಳೂ ಹೀಗೇ ಆಯಿತು. ಯುಗಾದಿಗೆ ಇನ್ನು ಹದಿನೈದು ದಿನವಿರುವಾಗ ನೂರ್‌ಜಾನ್ ಬಂದಳು. ಮಂಜುಳ ನೋಟುಪುಸ್ತಕ ಮುಂದಿಟ್ಟುಕೊಂಡು ಬಗ್ಗಿ ಕೂತಿದ್ದಳು. ನಾನು ಕಂಬಕ್ಕೆ ಒರಗಿ ಎಂದಿನಂತೆ ಬೈಯುತ್ತಿದ್ದೆ. "ಅಷ್ಟಕ್ಕೂ ತೂಕ ಒಂದ್ ಚೂರು ಹೆಚ್ಚಾದ್ರೆ ಅವ್ರ ಗಂಟೇನು ಹೋಯ್ತದೆ? ಒಂದ್ ಚೂರು ಹೆಚ್ಚು ಹಿಡ್ಕಳ್ಳಿ," ಅಂದೆ.

"ಹಂಗಲ್ಲಮ್ಮಾ," ಅಂದಳು ನೂರ್‌ಜಾನ್. "ಅದು ಮೆಟ್ಲು ಇದ್ದಂಗೆ. ಕಿಲೋ ಒಳಗಿದ್ರೆ ಕೆಳಗಿನ್ ಮೆಟ್ಲು ಚಾರ್ಜು. ಕಿಲೋ ಮೇಲೆ ಒಂದ್ ಬೆಲ್ಲದ ಚೂರಷ್ಟು ಹೋದ್ರೂ ಮೇಲಿನ್ ಮೆಟ್ಲು ಪೂರ್ತಿ ಚಾರ್ಜು. ಒಂದ್ ಪುಟ್ಟ ಕೊಬ್ರಿ ಜಾಸ್ತಿ ಬಿದ್ರೆ ಸಾಕು, ಇವಳ ಲಾಭ ಎಲ್ಲಾ ಅದ್ರಲ್ಲೇ ಹೋಗುತ್ತೆ."

ನನ್ನ ಬಾಯಿ ಮುಚ್ಚಿತು. ನನ್ನ ಬಾಯಿ ತಾನಾಗಿ ಮುಚ್ಚಿದ್ದನ್ನು ಅವರಿಬ್ಬರೂ ಗಮನಿಸಬೇಕಿತ್ತು. ಲೆಕ್ಕದ ಗಲಾಟೆಯಲ್ಲಿ ಗಮನಿಸಲಿಲ್ಲ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಕೊಸರು ನಿಲ್ಲಿಸಿದೆ, ಆದರೆ ಬಾಯಿ ಬಿಡಲಿಲ್ಲ. ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುವವಳು ನಾನು. ಎಂಟು ದಿನ ಸುಮ್ಮನಿರುವುದು ಮಾತ್ರ ಚೆನ್ನಾಗಿ ಬಂತು. ಬೈಯುವುದನ್ನೂ ನಿಲ್ಲಿಸಿದೆ. ಮೈ ಹುಷಾರಿಲ್ಲವೇನೋ ಎಂದು ಮಗ ಮಾತ್ರೆ ತಂದುಕೊಟ್ಟ. ಅದನ್ನೂ ನುಂಗಿದೆ. ಒಂಬತ್ತನೆಯ ದಿನ ಮಂಜುಳ ಫೋನಿನಲ್ಲಿ ಗಾರ್ಮೆಂಟ್ಸಿನ ಸೂಪರ್‌ವೈಸರ್ ಜೊತೆ ಮಾತಾಡುವುದು ಕೇಳಿಸಿತು: "ಊಂ ಸಾರ್. ಹಬ್ಬ ಮುಗುದ್ ಮ್ಯಾಕೆ ಬತ್ತೀನಿ ಸಾರ್. ಯಾವ ಲೈನಾದ್ರೂ ಆಯ್ತದೆ." ಆಮೇಲೆ ಮೇಲಿನ ಹಲಗೆಯಿಂದ ಹಳೆಯ ಊಟದ ಡಬ್ಬಿ ತೆಗೆದು ಹುಣಸೆಹಣ್ಣು ಹಾಕಿ ಉಜ್ಜತೊಡಗಿದಳು. ಡಬ್ಬಿ ಅಷ್ಟೇನೂ ಕೊಳೆಯಾಗಿರಲಿಲ್ಲ. ಅವಳು ಉಜ್ಜುತ್ತಲೇ ಇದ್ದಳು.

ಹೇಳಿಬಿಡೋಣ ಎಂದು ಎದ್ದೆ. ಅಷ್ಟರಲ್ಲಿ ನೂರ್‌ಜಾನ್ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದಳು. ಕಿರಿಯ ಅಳಿಯನ ಕಡೆಯಿಂದ ವಾಪಸು ಬಂದ ಪಾರ್ಸೆಲ್ಲು, ತುರುವೇಕೆರೆಯಲ್ಲಿ ಅವಳ ಕೈಗೆ ಕೊಟ್ಟಿದ್ದರು. ಗಿರಾಕಿ ಬಾಗಿಲೇ ತೆಗೆಯಲಿಲ್ಲವಂತೆ. ಮಂಜುಳ ಕೈ ಒರೆಸಿಕೊಂಡು ಬಂದು ಟೇಪು ಹರಿದು ಒಂದೊಂದಾಗಿ ತೆಗೆದಿಟ್ಟಳು. ನಿಂತಳು. ಮತ್ತೆ ಎಣಿಸಿದಳು.

"ಒಂಬತ್ತು ಐತೆ ಕಣೇ," ಅಂದಳು.

"ನೀನೇ ತಪ್ಪಿ ಹಾಕಿರ್ಬೇಕು," ಅಂದಳು ನೂರ್‌ಜಾನ್.

"ನಾನ್ಯಾಕ್ ತಪ್ಪಲಿ? ತೂಗಿ ಹಾಕಿವ್ನಿ. ಗಿರಾಕಿ ಏನಾದ್ರೂ ಒಂದು ಸೇರ್ಸಿ ಕಳ್ಸವ್ನಾ?"

"ಬಾಗ್ಲೇ ತೆಗೀದಿರೋನು ಕೊಬ್ರಿ ಕಳಿಸ್ತಾನಾ?"

ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಇಬ್ಬರೂ ಸೇರಿ ಕೊರಿಯರಿನವನ ಮೇಲೆ ಹಾಕುತ್ತಿದ್ದರು, ನಾನು ಪಾರಾಗುತ್ತಿದ್ದೆ. ಆದರೆ ಆ ಡಬ್ಬಿ ನೆಲದ ಮೇಲೆ ಫಳಫಳ ಹೊಳೆಯುತ್ತ ಕೂತಿತ್ತು. "ನಾನೇ ಹಾಕಿದ್ದು ಕಣ್ರೇ," ಅಂದೆ. "ಕೊಸರು."

ಮಂಜುಳ ನನ್ನ ಕಡೆ ತಿರುಗಿದಳು. "ಇದೊಂದಕ್ಕೇನಾ ಅತ್ತೆ?"

"ಎಲ್ಲಾದಕ್ಕೂವೆ. ಮೊನ್ನೆ ಮೊನ್ನೆವರ್ಗೂ."

ನೂರ್‌ಜಾನ್ "ಯಾ ಅಲ್ಲಾ" ಎಂದು ಜಗಲಿಯ ಮೇಲೆ ಕುಸಿದಳು. ಮಂಜುಳ ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು, ಕೂಗಾಟಕ್ಕೆ ಎದುರು ಕೂಗಾಟ ನನ್ನ ಬಳಿ ಯಾವಾಗಲೂ ತಯಾರು. ಅವಳು ಮೆಲ್ಲಗೆ, "ಆರ್ ವರ್ಷ ನಾನ್ ನಿಂತ್ಕಂಡ್ ಹೋಗಾದು ನೋಡಿದ್ರಲ್ಲ ಅತ್ತೆ," ಅಂದಳು. ಎರಡು ದಿನ ತಟ್ಟೆಗೆ ಮುದ್ದೆ ಹಾಕುವಾಗಲೂ ನನ್ನ ಮುಖ ನೋಡಲಿಲ್ಲ. ಮುದ್ದೆ ಮಾತ್ರ ಎಂದಿನ ಗಾತ್ರದ್ದೇ ಇತ್ತು, ಅದನ್ನು ನೋಡಿಕೊಂಡೆ. ಆ ಎರಡು ದಿನದಲ್ಲಿ ಒಂದು ವಿಷಯ ತಲೆಗೆ ಹೊಕ್ಕಿತು. ನಮ್ಮತ್ತೆ ಹಾಕುತ್ತಿದ್ದ ಕೊಸರು ಅವಳ ಸ್ವಂತ ಕಣಜದ್ದು. ನಾನು ಹಾಕಿದ್ದು ಸೊಸೆಯ ಅಟ್ಟದ್ದು. ಇನ್ನೊಬ್ಬರ ಗಂಟಿನಲ್ಲಿ ಧಾರಾಳಿಯಾಗುವುದಕ್ಕೆ ಖರ್ಚೇನೂ ಇಲ್ಲ.

ಯುಗಾದಿ ಬಂತು. ಒಬ್ಬಟ್ಟಿನ ಊಟ ಮುಗಿದ ಮೇಲೆ ಮಗ ಜಗಲಿಯಲ್ಲಿ ಕಾಲು ಚಾಚಿ, "ತಗಂಡ್ ಬಾ ಪುಸ್ತಕವಾ," ಅಂದ. ಮಂಜುಳ ತಂದುಕೊಟ್ಟಳು. ಅವನು ಬೆರಳಿಟ್ಟು ಓದುತ್ತ ಹೋದ. ಮೊದಲ ಸಾಲು ದೊಡ್ಡವನ ಶುಲ್ಕ, ಎರಡನೆಯದು ನಡುವಿನವನದು, ಮೂರನೆಯದು ಕಿರಿಯನದು. ಅಲ್ಲಿಂದ ಬೆರಳು ಮುಂದಕ್ಕೆ ಹೋಗಿ ನಿಂತಿತು.

"ಇದ್ಯಾವ್ದಿದು ನಾಕನೇ ಕಂಪ್ನಿ? ಎಲ್ಲಾರ್ಗಿಂತ ಇವ್ರೇ ಜಾಸ್ತಿ ತಿಂದವ್ರೆ?"

ಮಂಜುಳ ಬಾಗಿಲ ತೋರಣ ನೋಡಿದಳು. ನಾನು ಬಗ್ಗಿ ನೋಡಿದೆ. ಆ ಸಾಲಿನ ನೆತ್ತಿಯ ಮೇಲೆ ದುಂಡಗೆ ಬರೆದಿದ್ದಳು: ಅತ್ತೆ. ಎರಡೇ ಅಕ್ಷರ, ಒಂದು ಒತ್ತು. ಓದಲು ನನಗೇನೂ ಕಷ್ಟವಾಗಲಿಲ್ಲ.

"ಅದು ನಮ್ಮನೇದೇ ಕಣಪ್ಪ," ಅಂದೆ, ಅಷ್ಟೂ ಹೇಳಿದೆ.

ಮಗ ಕೇಳಿ ತಲೆ ಕೆರೆದುಕೊಂಡ. "ಅವ್ವ, ನಿಂದು ಕಳುದ್ರೆ ಮಂಡಿಗಿಂತ ಮ್ಯಾಲಾಯ್ತದೆ, ದಿಟ. ಆದ್ರೆ ಕೈಗೆ ಬಂದಿರಾದು ಕಮ್ಮಿನೇ ಅಲ್ವಾ? ಮಾತು ಮಾತೇ."

"ಮಾತ್ ಕೊಟ್ಟಿದ್ದು ಅವ್ಳಿಗೆ. ಕೆಡ್ಸಿದ್ದು ನಾನು. ಬಸ್ಸಿಗೆ ಹತ್ತುಸ್ಬೇಕು ಅಂದ್ರೆ ನನ್ನ ಹತ್ಸು. ನಾನೇ ಹೋಯ್ತೀನಿ ಗಾರ್ಮೆಂಟ್ಸಿಗೆ," ಅಂದೆ. ಹೇಳಿದ್ದು ತಮಾಷೆಗಲ್ಲ. ದಾರ ಕತ್ತರಿಸುವ ಕೆಲಸವಾದರೂ ಸಿಗುತ್ತದೆ ಎಂದುಕೊಂಡಿದ್ದೆ.

ಅವನು ನನ್ನನ್ನೇ ನೋಡಿದ, ಹೆಂಡತಿಯ ಕಾಲು ನೋಡಿದ. "ನಿನ್ನ ಕೂರ್ಸುದ್ರೆ ಒಂದೊಂದ್ ಅಂಗಿಗೆ ಮೂರ್ ಮೂರ್ ತೋಳು ಇಕ್ಬುಡ್ತೀಯ. ಕಂಪ್ನಿ ಮುಚ್ಚೋಯ್ತದೆ," ಅಂದ. ಮೊದಲು ನಕ್ಕವಳು ಮಂಜುಳ. ಐದಾರು ದಿನದಿಂದ ತಡೆದಿದ್ದ ನಗು, ಸೆರಗು ಬಾಯಿಗೆ ಇಟ್ಟರೂ ನಿಲ್ಲಲಿಲ್ಲ. ಮಗ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿ, "ಅಟ್ಟ ನಿಂದೇ. ಈ ನಾಕನೇದನ್ನ ಮೊದ್ಲು ಮುಚ್ಚು," ಎಂದು ಎದ್ದುಹೋದ. ಅವಳು ಸೂಪರ್‌ವೈಸರನಿಗೆ ಫೋನು ಮಾಡಿ, ಬರುವುದಿಲ್ಲ ಎಂದು ಹೇಳಿದಳು. ಈ ಸಲ ಸಾರ್ ಅನ್ನಲು ಮರೆತಳು.

ಈಗ ದೊಡ್ಡ ಅಳಿಯ ಒಬ್ಬನನ್ನೇ ಇಟ್ಟುಕೊಂಡಿದ್ದೇವೆ. ಕೇಳುವುದು ಜಾಸ್ತಿ, ಆದರೆ ಕೇಳಿದ್ದರ ಮೇಲೆ ಕೇಳುವುದಿಲ್ಲ. ಪೆಟ್ಟಿಗೆ ಮುಚ್ಚುವವಳು ಈಗಲೂ ನಾನೇ. ಮಂಜುಳ ನನ್ನನ್ನು ತೆಗೆಯಲಿಲ್ಲ, ತಕ್ಕಡಿಯ ಜಾಗ ಬದಲಾಯಿಸಿದಳು ಅಷ್ಟೇ. ಮೊದಲು ತೂಗಿ ನನ್ನ ಕೈಗೆ ಕೊಡುತ್ತಿದ್ದಳು, ಈಗ ನಾನು ಟೇಪು ಸುತ್ತಿ ಕೊಟ್ಟ ಮೇಲೆ ತೂಗುತ್ತಾಳೆ. "ನಿಮ್ ಮ್ಯಾಲೆ ಅನುಮಾನ ಇಲ್ಲ ಅತ್ತೆ," ಅನ್ನುತ್ತಾಳೆ, ತೂಗುತ್ತಲೇ. ಹೊಸ ಏರ್ಪಾಡಿನ ಮೊದಲನೆಯ ಪೆಟ್ಟಿಗೆಯೇ ಕಿಲೋ ದಾಟಿತು. ಅವಳು ನನ್ನೆದುರಿಗೇ ಹರಿದು ಎಣಿಸಿದಳು. ಎಂಟೇ ಇದ್ದವು. ಮತ್ತೆ ಎಣಿಸಿದಳು, ಎಂಟೇ. ದೇವರಾಣೆಗೂ ನಾನು ರಾಶಿಗೆ ಕೈ ಹಾಕಿರಲಿಲ್ಲ. ಕೊನೆಗೆ ಹರಿದು ತೆಗೆದಿದ್ದ ಟೇಪನ್ನು ಉಂಡೆ ಮಾಡಿ ತಕ್ಕಡಿಯ ಮೇಲೆ ಇಟ್ಟು ನೋಡಿದಳು. ಎರಡು ಸುತ್ತು ಸಾಕಾಗಿದ್ದ ಕಡೆ ನಾನು ಏಳು ಸುತ್ತು ಸುತ್ತಿದ್ದೆ.

ಅವತ್ತಿನಿಂದ ಟೇಪು ಕತ್ತರಿಸುವವಳು ಅವಳು, ಅಂಟಿಸುವವಳು ನಾನು.